ಶೀಶೆಯ ಚೀಟಿಗೊಂದು ಪದವ್ಯಾಖ್ಯಾನ

ಮೂಲ: ಅಮೃತ್ ಫ್ಯೂಷನ್ ಸಿಂಗಲ್ ಮಾಲ್ಟ್ ವಿಸ್ಕಿ, ಶೇ. 50.

ಪೀಠಿಕೆ. ಇದು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನ ಒಂದು ಶೀಶೆಯ ಮೇಲಣ ಒಕ್ಕಣೆಯ ಸಾರ. ಪದಗಳು ಐದು, ಅಂಕಿ ಒಂದು. ಅದೇ ಮನೆಯ ಸಾದಾ ಸಿಂಗಲ್ ಮಾಲ್ಟ್, ಪೀಟೆಡ್, ಇಂಟರ್‌ಮೀಡಿಯೆಟ್ ಶೆರಿ ಎಂಬ ಮೂರು ಶೀಶೆಗಳು ಇಲ್ಲಿ ಪಾಠಾಂತರಗಳು. ಪಾಠಾಂತರವೆಂದರೆ ಒಂದೇ ಗ್ರಂಥದ ಬೇರೆ ಬೇರೆ ಓಲೆಪ್ರತಿಗಳಲ್ಲಿ ತೋರುವ ವ್ಯತ್ಯಾಸ. ಉಳಿದುದೆಲ್ಲ ಒಂದೇ ಆಗಿದ್ದು ಒಂದಕ್ಷರ ಬದಲಾದಾಗ ಆ ಅಕ್ಷರದ ಬೆಲೆ ತಿಳಿಯುತ್ತದೆ. ಒಂದೇ ಭಟ್ಟಿಯ ವಿಸ್ಕಿಗಳನ್ನು ಜೊತೆಗಿಟ್ಟು ಸವಿಯುವುದರ ನ್ಯಾಯವೂ ಇದೇ. ಅನ್ವಯಕ್ರಮದಲ್ಲಿ, ಅಂದರೆ ಅರ್ಥ ಕೂಡುವ ಕ್ರಮದಲ್ಲಿ, ವಿಶೇಷ್ಯವಾದ, ಉಳಿದ ಪದಗಳು ಬಣ್ಣಿಸುವ, ಕೊನೆಯ ಪದವನ್ನು ಮೊದಲು ಹಿಡಿಯಬೇಕು.

ವಿಸ್ಕಿ. ಧಾನ್ಯವನ್ನು ಹುಳಿಯಿಸಿ, ಭಟ್ಟಿಯಿಳಿಸಿ, ಮರದ ಪೀಪಾಯಿಯಲ್ಲಿ ಮಾಗಿಸಿದ ಮದ್ಯ. ‘ಧಾನ್ಯ’ ಎಂಬ ಮಾತು ಇಲ್ಲಿ ಮುಖ್ಯ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳು ಕಬ್ಬಿನ ಸೀಮೆ. 1939ರಲ್ಲಿ ಹುಟ್ಟಿದ ಉಗಾರ ಶುಗರ್ ವರ್ಕ್ಸ್‌ನಂಥ ಕಾರ್ಖಾನೆಗಳಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದರಿಂದಲೂ ಮದ್ಯಸಾರ ಇಳಿಯುತ್ತದೆ, ಈ ದೇಶದಲ್ಲಿ ವಿಸ್ಕಿಯೆಂದು ಮಾರುವ ಹಲವಕ್ಕೆ ಆಧಾರವೂ ಅದೇ. ಐರೋಪ್ಯ ಒಕ್ಕೂಟದ ನಿಯಮವು ಕಾಕಂಬಿಯ ಮದ್ಯಕ್ಕೆ ಈ ಹೆಸರನ್ನು ಒಪ್ಪುವುದಿಲ್ಲ. ಇಲ್ಲಿಯೂ ಪದವನ್ನು ಆ ಅರ್ಥದಲ್ಲೇ ಹಿಡಿದು, ಈ ಶೀಶೆಯಲ್ಲಿ ಕಬ್ಬಿನ ಅಂಶವಿಲ್ಲವೆಂದು ತಿಳಿಯತಕ್ಕದ್ದು.

ಮಾಲ್ಟ್. ಯಾವ ಧಾನ್ಯವೆಂಬ ಆಕಾಂಕ್ಷೆಗೆ ಉತ್ತರ ಈ ಪದ: ಮೊಳಕೆ ಬರಿಸಿ ಒಣಗಿಸಿದ ಜವೆಗೋದಿ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಮಡಿಕೆಕಾಳು ಮರುದಿನ ಬಾಯಿಗೆ ಸಿಹಿಯಾಗುವುದನ್ನು ಇಲ್ಲಿ ನೆನೆಯಬಹುದು. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಕ್ಕರೆಯೇ ಮುಂದೆ ಮದ್ಯ. ಸರಿಯಾದ ಹೊತ್ತಿಗೆ ಒಣಗಿಸದಿದ್ದರೆ ಮೊಳಕೆಯೇ ಸಕ್ಕರೆಯನ್ನೆಲ್ಲ ಉಂಡುಬಿಡುತ್ತದೆ.

ಸಿಂಗಲ್. ಏಕ ಎಂದರ್ಥ. ಏಕವಾದದ್ದು ಕಾಳೂ ಅಲ್ಲ, ಪೀಪಾಯಿಯೂ ಅಲ್ಲ, ಭಟ್ಟಿಮನೆ ಮಾತ್ರ. ಹಲವು ಪೀಪಾಯಿಗಳ ದ್ರವ ಕೂಡಿದರೂ ಅವೆಲ್ಲ ಒಂದೇ ಸೂರಿನಡಿ ಇಳಿದವಾದರೆ ಈ ವಿಶೇಷಣ ಸಲ್ಲುತ್ತದೆ.

ಫ್ಯೂಷನ್. ಬೆಸುಗೆ ಎಂದರ್ಥ. ಇಲ್ಲಿ ಶಂಕೆ: ‘ಏಕ’ವೆಂದಮೇಲೆ ಬೆಸುಗೆ ಎಲ್ಲಿಯದು? ಪರಿಹಾರ: ಮನೆ ಒಂದು, ಕಾಳು ಎರಡು. ಭಾರತದ ಹೊಗೆಯಿಲ್ಲದ ಜವೆಗೋದಿ ಒಂದು, ಪೀಟ್ ಹೊಗೆಯಲ್ಲಿ ಒಣಗಿದ ಸ್ಕಾಟ್ಲೆಂಡಿನದು ಇನ್ನೊಂದು. ಪೀಟ್ ಎಂದರೆ ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಅಡಕವಾದ ಪಾಚಿಬೇರುಗಳ ಹೆಂಟೆ. ಎರಡೂ ಬೇರೆಬೇರೆಯಾಗಿ ಮಾಗಿ, ಕಡೆಗೆ ಕೂಡಿ ಮತ್ತೆ ಪೀಪಾಯಿಗೆ ಹೋಗುತ್ತವೆ. ಸಾದಾ ಶೀಶೆಯನ್ನು ಮೊದಲು, ಪೀಟೆಡ್ ಶೀಶೆಯನ್ನು ಅನಂತರ ಮೂಸಿದವರಿಗೆ ಫ್ಯೂಷನ್ನಿನಲ್ಲಿ ಎರಡೂ ಸಿಗುತ್ತವೆ. ಗಾಣದ ಹಂಗಾಮಿನಲ್ಲಿ ಕೊಪ್ಪರಿಗೆಯ ಮೇಲೆ ಬೆಲ್ಲದ ಪಾಕದ ಸಿಹಿ ಹಬೆ, ಕೆಳಗೆ ಒಲೆಯಲ್ಲಿ ಕಬ್ಬಿನ ಸಿಪ್ಪೆಯ ಹೊಗೆ; ಗಾಳಿ ತಿರುಗಿದಾಗ ಎರಡೂ ಒಮ್ಮೆಗೇ ಮೂಗಿಗೆ ಬರುತ್ತವೆ. ಆ ಕಬ್ಬಿನ ಸೀಮೆಯ, ಕೃಷ್ಣೆ-ದೂಧಗಂಗೆಯರ ದಂಡೆಯ ಮೂಗಿಗೆ ಈ ಪದವನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ. 2010ರ ‘ವಿಸ್ಕಿ ಬೈಬಲ್’ನಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಇದನ್ನು ಜಗತ್ತಿನ ಮೂರನೆಯ ಸ್ಥಾನದಲ್ಲಿರಿಸಿದ.

ಇಂಟರ್‌ಮೀಡಿಯೆಟ್ ಶೆರಿಯಲ್ಲಿ ಬದಲಾಗುವ ಅಕ್ಷರ ಮರ. ಅಮೆರಿಕದ ಬರ್ಬನ್ ಇದ್ದು ತೆರವಾದ ಪೀಪಾಯಿ, ನಡುವೆ ಸ್ಪೇನಿನ ಶೆರಿ ದ್ರಾಕ್ಷಾಮದ್ಯದ ಪೀಪಾಯಿ, ಮತ್ತೆ ಬರ್ಬನ್ನಿನದು. ಆ ನಡುಗಾಲದಿಂದಲೇ ‘ಇಂಟರ್‌ಮೀಡಿಯೆಟ್’, ಮಧ್ಯಸ್ಥ, ಎಂಬ ಹೆಸರು. ಒಣದ್ರಾಕ್ಷಿಯ ವಾಸನೆಗೆ ಕಾರಣವೂ ಅದೇ.

ಶೇ. 50. ನೂರು ಪಾಲಿನಲ್ಲಿ ಐವತ್ತು ಮದ್ಯಸಾರ. ಭಾರತದಲ್ಲಿ ರೂಢಿಯ ಮಟ್ಟ 42.8; ಸಾದಾ ಶೀಶೆಯಲ್ಲಿ 46, ಶೆರಿಯಲ್ಲಿ 57.1. ಸವಿಯುವ ಕ್ರಮವನ್ನು ಈ ಅಂಕಿಯೇ ವಿಧಿಸುತ್ತದೆ: ಮೆದುವಾದದ್ದು ಮೊದಲು, ಖಾರವಾದದ್ದು ಆಮೇಲೆ. ಹೊಗೆಯ ವಿಷಯದಲ್ಲಿಯೂ ಹೊಗೆಯಿಲ್ಲದ್ದು ಮೊದಲು, ಹೊಗೆಯದು ಆಮೇಲೆ. ಕ್ರಮ ತಪ್ಪಿದರೆ ಮೊದಲಿನ ಹೊಗೆ ನಾಲಗೆಯ ಮೇಲೆ ಕುಳಿತು ಮುಂದಿನದನ್ನು ಮುಚ್ಚುತ್ತದೆ. ಬಾಯಿ ಕಿರಿದಾದ ಲೋಟ ವಾಸನೆಯನ್ನು ಒಟ್ಟುಗೂಡಿಸುತ್ತದೆ; ಎರಡು ಹನಿ ನೀರು ಅದನ್ನು ಮೇಲೆಬ್ಬಿಸುತ್ತದೆ. ತೊಟ್ಟು ಸಾಕು, ಗುಟುಕು ಬೇಡ.

ಅಧ್ಯಾಹಾರ. ಅಂದರೆ ಮೂಲದಲ್ಲಿಲ್ಲದೆಯೂ ಅರ್ಥಕ್ಕಾಗಿ ತಂದುಕೊಳ್ಳಬೇಕಾದ ಮಾತು. ಸ್ಕಾಚ್ ಶೀಶೆಗಳಲ್ಲಿ ‘ಹನ್ನೆರಡು ವರ್ಷ’ವೆಂದು ಕಾಣುವ ವಯಸ್ಸು ಇಲ್ಲಿಲ್ಲ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಆವಿಯಾಗುವುದು ನೂರಕ್ಕೆ ಎರಡರಷ್ಟು. ಬೆಂಗಳೂರಿನಲ್ಲಿ ಹತ್ತರಿಂದ ಹನ್ನೆರಡು. ಈ ನಷ್ಟಕ್ಕೆ ಸ್ಕಾಟ್ಲೆಂಡಿನವರು ‘ದೇವದೂತರ ಪಾಲು’ ಎನ್ನುತ್ತಾರೆ. ಹನ್ನೊಂದರ ಲೆಕ್ಕ ಹಿಡಿದರೆ 200 ಲೀಟರು ನಾಲ್ಕು ವರ್ಷಕ್ಕೆ ಸುಮಾರು 125. ಹನ್ನೆರಡು ವರ್ಷಕ್ಕೆ ಉಳಿಯುವುದು 50ರ ಒಳಗೆ. ಸೆಕೆಯಲ್ಲಿ ಮರದ ಸತ್ವವೂ ಬೇಗ ಇಳಿಯುತ್ತದೆ. ಆದುದರಿಂದ ಇಲ್ಲಿ ವಯಸ್ಸನ್ನು ಬರೆದರೆ ಓದುಗ ತಪ್ಪು ತಕ್ಕಡಿಯಲ್ಲಿ ತೂಗುವನು. ನಾಲ್ಕು ಶೀಶೆಗಳಲ್ಲಿಯೂ ಬದಲಾಗದ ಅಕ್ಷರಗಳಲ್ಲಿ ಈ ಸೆಕೆಯೂ ಒಂದು.

ಅಮೃತ್. ಮೃತವಲ್ಲದ್ದು, ಸಾವಿಲ್ಲದ್ದು. 1948ರಲ್ಲಿ ರಾಧಾಕೃಷ್ಣ ಜಗದಾಳೆ ಕಟ್ಟಿದ ಮನೆಯ ಹೆಸರಿದು. ವಿಸ್ಕಿ ಎಂಬುದೂ ಸ್ಕಾಟ್ಲೆಂಡಿನ ಗೇಲಿಕ್ ನುಡಿಯಲ್ಲಿ ‘ಜೀವಜಲ’ವೆಂಬ ಮಾತಿನ ತುಂಡು. ಮೊದಲ ಪದ, ಕೊನೆಯ ಪದ ಎರಡರ ಅರ್ಥವೂ ಹತ್ತಿರವಾದುದರಿಂದ ಪುನರುಕ್ತಿದೋಷವೆಂದು ಶಂಕಿಸಬಾರದು. ಒಂದು ಮನೆಯ ಹೆಸರು, ಇನ್ನೊಂದು ವಸ್ತುವಿನದು. ಈ ಮನೆಯ ಸಿಂಗಲ್ ಮಾಲ್ಟ್ 2004ರ ಆಗಸ್ಟ್‌ನಲ್ಲಿ ಮೊದಲು ಬಿಡುಗಡೆಯಾದದ್ದು ಗ್ಲಾಸ್ಗೋದಲ್ಲಿ, ಎಂದರೆ ಕೊನೆಯ ಪದದ ತವರಿನಲ್ಲಿ. ವರ್ಷವರ್ಷವೂ ಒಂಬತ್ತರಲ್ಲೊಂದು ಪಾಲು ಗಾಳಿಗೆ ಸಲ್ಲುವ ದ್ರವಕ್ಕೆ ಸಾವಿಲ್ಲದ್ದೆಂಬ ಹೆಸರು ಹೇಗೆ ಹೊಂದೀತೆಂದರೆ, ಹೋದ ಪಾಲಿಗಲ್ಲ, ಉಳಿದು ಶೀಶೆಗಿಳಿದ ಪಾಲಿಗೆ ಆ ಹೆಸರೆಂದು ತಾತ್ಪರ್ಯ.