ಹೆಸರು ಮತ್ತು ದೋಷ: ರಕ್ತಾರ್ಬುದದ ಒಂದು ಸತುವಿನ ಬೆರಳನ್ನು ಕುರಿತು

ರಕ್ತಾರ್ಬುದದ ವಿಷಯ ಬಂದಾಗಲೆಲ್ಲ ನಮ್ಮ ಕಾಲೇಜುಗಳ ಪಾಠಟಿಪ್ಪಣಿಗಳಲ್ಲಿಯೂ ಪತ್ರಿಕೆಗಳ ವಿಜ್ಞಾನದ ಅಂಕಣಗಳಲ್ಲಿಯೂ ಒಂದು ಬಗೆಯ ವಾಕ್ಯ ಕಾಣಬರುತ್ತದೆ: 'ಇಂಥ ಜೀನು ಇಂಥ ರೋಗಕ್ಕೆ ಕಾರಣ.' ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯದಲ್ಲಿ ಕುಂದೇನೂ ಇಲ್ಲ. ಆದರೆ ಕಾರಣವೆಂಬ ಮಾತನ್ನು ಇಷ್ಟು ಸುಲಭವಾಗಿ ಬಳಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಪ್ರಯೋಗಶಾಲೆಯ ಸಂಗತಿಯಲ್ಲಿ ಇತಿಹಾಸದವರಿಗೇನು ಕೆಲಸವೆಂದು ಯಾರಾದರೂ ಕೇಳಬಹುದು. ಪ್ರಯೋಗದ ಫಲಗಳನ್ನು ತಿದ್ದುವ ಅಧಿಕಾರ ನಮಗೆ ಇಲ್ಲವೇ ಇಲ್ಲ. ಹೆಸರುಗಳು ಹೇಗೆ ಹುಟ್ಟುತ್ತವೆ, ಆಧಾರಗಳು ಯಾವ ಸಂದರ್ಭದಲ್ಲಿ ದೊರೆಯುತ್ತವೆ ಎಂಬುದನ್ನು ವಿಚಾರಿಸುವುದು ಮಾತ್ರ ನಮ್ಮ ಶಾಸ್ತ್ರಕ್ಕೆ ಸೇರಿದ ಕೆಲಸವೇ ಆಗಿದೆ. ಪ್ರಕೃತ ಲೇಖನದಲ್ಲಿ ಒಂದೇ ಒಂದು ಜೀನನ್ನು ತೆಗೆದುಕೊಂಡು ಈ ವಾಕ್ಯವನ್ನು ಒರೆಗೆ ಹಚ್ಚಬೇಕೆಂದಿದ್ದೇವೆ.

'ಸತುವಿನ ಬೆರಳು' ಎಂಬ ಮಾತು ಹುಟ್ಟಿದ್ದು ಕೇಂಬ್ರಿಜ್ಜಿನಲ್ಲಿ. ಆಫ್ರಿಕದ ಒಂದು ಜಾತಿಯ ಕಪ್ಪೆಯ ಅಂಡಕೋಶಗಳಲ್ಲಿ ದೊರೆಯುವ ಒಂದು ಪ್ರೋಟೀನನ್ನು ಏರನ್ ಕ್ಲೂಗ್ ಮತ್ತು ಅವರ ಸಂಗಡಿಗರು ಪರಿಶೀಲಿಸಿ, ಸುಮಾರು 30 ಅಮೈನೋ ಆಮ್ಲಗಳ ಒಂದು ಖಂಡ ಅದರಲ್ಲಿ 9 ಸಲ ಮರುಕಳಿಸಿರುವುದನ್ನು 1985ರಲ್ಲಿ ಪ್ರಕಟಿಸಿದರು. ಪ್ರತಿಯೊಂದು ಖಂಡದಲ್ಲಿಯೂ ಎರಡು ಸಿಸ್ಟೀನುಗಳೂ ಎರಡು ಹಿಸ್ಟಿಡಿನುಗಳೂ ಸೇರಿ ಒಂದು ಸತುವಿನ ಪರಮಾಣುವನ್ನು ಹಿಡಿದಿರುತ್ತವೆ. ಆ ಹಿಡಿತದಿಂದ ಸರಪಣಿ ಮಡಿಸಿಕೊಂಡು ಬೆರಳಿನಂತೆ ಚಾಚುತ್ತದೆ, ಬೆರಳು ಡಿ.ಎನ್.ಎ.ಯ ತೋಡಿನೊಳಕ್ಕೆ ಇಳಿದು ಅಲ್ಲಿಯ ಅಕ್ಷರಗಳನ್ನು ಮುಟ್ಟಿ ಗುರುತಿಸುತ್ತದೆ. ಹೀಗೆ ಜೀನಿನ ಬಳಿ ನಿಂತು, ಅದರ ಪ್ರತಿ ಯಾವಾಗ ತೆಗೆಯಬೇಕು, ಯಾವಾಗ ಕೂಡದು ಎಂದು ನಿರ್ಣಯಿಸುವ ಪ್ರೋಟೀನುಗಳಿಗೆ ಪ್ರತಿಲೇಖನ ನಿಯಾಮಕಗಳೆಂದು ಹೆಸರು.

ಇಂಥ 9 ಬೆರಳುಗಳುಳ್ಳ ಒಂದು ನಿಯಾಮಕವೇ ನಮ್ಮ ವಿಷಯ. ಬಿಳಿಯ ರಕ್ತಕಣಗಳು ಅಸ್ಥಿಮಜ್ಜೆಯಲ್ಲಿ ಪಕ್ವವಾಗುತ್ತಿರುವಾಗ ಪ್ರೋಮೈಲೋಸೈಟ್ ಎಂಬ ಮಧ್ಯದ ಘಟ್ಟದಲ್ಲಿಯೇ ನಿಂತುಬಿಡುವ ಒಂದು ಉಗ್ರವಾದ ರಕ್ತಾರ್ಬುದವುಂಟು. ರೋಗಿಗೆ ತೀವ್ರ ರಕ್ತಸ್ರಾವವಾಗುವುದು ಅದರ ಮುಖ್ಯ ಲಕ್ಷಣ. ಇದರ ಅತ್ಯಧಿಕ ರೋಗಿಗಳಲ್ಲಿ 15ನೆಯ ಮತ್ತು 17ನೆಯ ವರ್ಣತಂತುಗಳು ತುಂಡಾಗಿ ಒಂದರ ತುಣುಕು ಇನ್ನೊಂದಕ್ಕೆ ಕೂಡಿಕೊಂಡಿರುತ್ತದೆ. 1993ರಲ್ಲಿ ಚೆನ್ ಝು, ಆರ್ಥರ್ ಝೆಲೆಂಟ್ ಮೊದಲಾದವರು ಇದಕ್ಕೆ ಭಿನ್ನವಾದ ಒಂದು ಪ್ರಸಂಗವನ್ನು ವರದಿಮಾಡಿದರು. ಅಲ್ಲಿ 17ನೆಯದರ ಜೊತೆಗೆ ಮುರಿದಿದ್ದುದು 11ನೆಯದು. ಮುರಿದ ಸ್ಥಳದಲ್ಲಿ ಅದುವರೆಗೆ ಯಾರೂ ಅರಿಯದಿದ್ದ ಒಂದು ಜೀನಿತ್ತು. ಅದಕ್ಕೆ 'ಪ್ರೋಮೈಲೋಸೈಟಿಕ್ ರಕ್ತಾರ್ಬುದದ ಸತುವಿನ ಬೆರಳು' ಎಂಬರ್ಥದ ಹೆಸರಿಟ್ಟು, ಸಂಕ್ಷೇಪವಾಗಿ ಪಿ.ಎಲ್.ಜೆಡ್.ಎಫ್. ಎಂದು ಕರೆದರು.

ನಮ್ಮ ಆಕ್ಷೇಪಣೆ ಇಲ್ಲಿಂದ ಮೊದಲಾಗುತ್ತದೆ. ಈ ಜೀನು ಮೊದಲು ಕಣ್ಣಿಗೆ ಬಿದ್ದುದು ಮುರಿದ ಸ್ಥಿತಿಯಲ್ಲಿ; ಆದುದರಿಂದ ಮುರಿದ ಸ್ಥಿತಿಯ ಹೆಸರೇ ಅದಕ್ಕೆ ಅಂಟಿಕೊಂಡಿತು. ಆದರೆ ಸ್ವಸ್ಥ ಶರೀರದಲ್ಲಿ ಅದರ ಕೆಲಸಗಳೇ ಬೇರೆ. ಇಲಿಯ ಭ್ರೂಣದಲ್ಲಿ ಕೈಕಾಲುಗಳ ಮತ್ತು ಬೆನ್ನೆಲುಬಿನ ವಿನ್ಯಾಸಕ್ಕೆ ಅದು ಅವಶ್ಯಕವೆಂದು 2000ದಲ್ಲಿ ತಿಳಿದುಬಂದಿತು. ಗಂಡಿಲಿಯ ವೀರ್ಯಾಣುಗಳ ಮೂಲಕೋಶಗಳು ಬರಿದಾಗದಂತೆ ಕಾಯುವುದೂ ಅದೇ ಎಂದು 2004ರಲ್ಲಿಯೂ, ಒಂದು ವಿಶಿಷ್ಟ ಬಗೆಯ ರಕ್ಷಕ ರಕ್ತಕಣಗಳನ್ನು ರೂಪಿಸುವುದೂ ಅದೇ ಎಂದು 2008ರಲ್ಲಿಯೂ ಸ್ಥಿರಪಟ್ಟಿತು. ಆ ಹೆಸರನ್ನು ಮಾತ್ರ ಓದಿದ ವಿದ್ಯಾರ್ಥಿಗೆ ಇವುಗಳಲ್ಲಿ ಒಂದೂ ಹೊಳೆಯದು.

ಇತಿಹಾಸದ ಆಧಾರಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ನೆಮ್ಮದಿಯಾಗಿದ್ದ ಊರು ಸರ್ಕಾರದ ಕಡತಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ; ಬರ ಬಿದ್ದಾಗ, ದಂಗೆಯಾದಾಗ, ಗುಂಡು ಹಾರಿದಾಗ ಕಡತ ಬಾಯಿಬಿಡುತ್ತದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ಗಮನಿಸಬಹುದು. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಅಲ್ಲಿ ಗೋಲಿಬಾರು ನಡೆಯಿತು. ಅಂದಿನಿಂದ ಪಠ್ಯಪುಸ್ತಕಗಳಲ್ಲಿ ಆ ಕ್ಷೇತ್ರದ ಹೆಸರು ಆ ಒಂದು ದಿನದ ಹೆಸರಾಗಿದೆ. ಅದು ಸ್ಮರಣೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಅಶ್ವತ್ಥವೃಕ್ಷ, ಅಲ್ಲಿ ಹರಕೆಗೆಂದು ಪ್ರತಿಷ್ಠಿಸಿದ ಲೆಕ್ಕವಿಲ್ಲದ ನಾಗರಕಲ್ಲುಗಳು ಆ ದಿನದಿಂದ ಹುಟ್ಟಿದವಲ್ಲ. ಇದಕ್ಕಿಂತ ಕ್ರೂರವಾದ ನಿದರ್ಶನ 1871ರ ಅಪರಾಧಿ ಬುಡಕಟ್ಟುಗಳ ಶಾಸನ. ಅಪರಾಧದ ಹೆಸರನ್ನೇ ಹುಟ್ಟಿನ ಹೆಸರಾಗಿ ಮಾಡಿ, ಇಡೀ ಸಮುದಾಯಗಳ ಸ್ವಭಾವವನ್ನು ಅದರಿಂದ ನಿರ್ಣಯಿಸಿದ ಆ ಶಾಸನ 1952ರಲ್ಲಿ ರದ್ದಾಯಿತು. ಹೆಸರು ತಂದ ಕಳಂಕ ಅಷ್ಟಕ್ಕೇ ಅಳಿಯಲಿಲ್ಲ. ಜೀನಿಗೆ ಮಾನಾಪಮಾನಗಳಿಲ್ಲವೆಂಬುದು ನಿಜ. ಹೆಸರಿನಿಂದ ಸ್ವಭಾವವನ್ನು ಊಹಿಸುವ ತಪ್ಪು ಮಾತ್ರ ಎರಡು ಕಡೆಯೂ ಒಂದೇ.

ಜೀವಶಾಸ್ತ್ರದಲ್ಲಿ ಈ ಪದ್ಧತಿ ಹಳೆಯದು. ಹಣ್ಣಿನ ನೊಣದ ಜೀನುಗಳಿಗೆ ಅವು ಕೆಟ್ಟಾಗ ನೊಣಕ್ಕಾಗುವ ವಿಕಾರದ ಹೆಸರುಗಳನ್ನೇ ಇಟ್ಟಿದ್ದಾರೆ. ನಮ್ಮ ಸತುವಿನ ಬೆರಳುಗಳ ವರ್ಗಕ್ಕೆ 'ಕ್ರುಪೆಲ್' ಮಾದರಿಯವೆಂದು ಹೆಸರು. ಜರ್ಮನ್ ಭಾಷೆಯಲ್ಲಿ ಅದಕ್ಕೆ ಅಂಗಹೀನನೆಂದು ಅರ್ಥ. ಪಿ.ಎಲ್.ಜೆಡ್.ಎಫ್. ಪ್ರೋಟೀನಿನ ತಲೆಯ ಭಾಗವನ್ನು ಬಿ.ಟಿ.ಬಿ. ಎನ್ನುತ್ತಾರೆ. ಈ ಮೂರಕ್ಷರಗಳೂ ನೊಣದ ಮೂರು ಜೀನುಗಳಿಂದ ಬಂದವು. ಮೊದಲನೆಯದು 'ಬ್ರಾಡ್', ಎಂದರೆ ಅಗಲವಾದುದು. ಅದು ಕೆಟ್ಟ ನೊಣದ ರೆಕ್ಕೆ ಅಗಲವಾಗಿರುತ್ತದೆ.

ಈ ಬ್ರಾಡ್ ಎಂಬುದು ಶಿಡ್ಲಘಟ್ಟ, ಚಿಂತಾಮಣಿಗಳ ಹುಳುಮನೆಗಳಲ್ಲಿಯೂ ಉಂಟು. ರೇಷ್ಮೆಹುಳು ಹಣ್ಣಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟಿ, ಒಳಗೆ ಕೋಶವಾಗುವ ಪರಿವರ್ತನೆಯಲ್ಲಿ ಅದರ ಪಾತ್ರವುಂಟು. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅದನ್ನು ಅಡಗಿಸಿದಾಗ ಹೆಚ್ಚಿನ ಹುಳುಗಳು ಕೋಶಾವಸ್ಥೆಗೆ ದಾಟಲಾರದೆ ಹೋದುವು. ಆ ಹೊತ್ತಿಗೆ ಸಾಯಬೇಕಾಗಿದ್ದ ರೇಷ್ಮೆಗ್ರಂಥಿ ಸಾಯದೆ ಉಳಿಯಿತು. ಪಕ್ವವಾಗಬೇಕಾದುದು ಪಕ್ವವಾಗದೆ, ಸಾಯಬೇಕಾದುದು ಸಾಯದೆ ನಿಲ್ಲುವುದು ರಕ್ತಾರ್ಬುದದಲ್ಲಿಯೂ ಕಾಣುವ ಸಂಗತಿ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು. ಹುಳುವಿನಲ್ಲಿ ನಿಯಾಮಕದ ಅಭಾವದಿಂದ ಆದುದು, ರೋಗಿಯಲ್ಲಿ ನಿಯಾಮಕ ಇನ್ನೊಂದರೊಡನೆ ಬೆಸೆದುಕೊಂಡುದರಿಂದ ಆಗುತ್ತದೆ. ಪ್ರಾಸಂಗಿಕವಾಗಿ ಇನ್ನೊಂದು ಮಾತು. ನಮ್ಮ ಸೀಮೆಯ ರೈತರು ಹುಳು ಪೊರೆ ಬಿಡುವುದನ್ನು 'ಜ್ವರ'ವೆನ್ನುತ್ತಾರೆ. ಒಂದನೆಯ ಜ್ವರದಿಂದ ನಾಲ್ಕನೆಯ ಜ್ವರದವರೆಗೆ ಎಣಿಸುತ್ತಾರೆ. ಅದು ರೋಗವಲ್ಲವೆಂದು ಅವರು ಬಲ್ಲರು. ಆ ಹೊತ್ತು ಸೊಪ್ಪು ಹಾಕುವುದನ್ನು ನಿಲ್ಲಿಸುತ್ತಾರೆಯೇ ಹೊರತು ಜ್ವರಕ್ಕೆಂದು ಮದ್ದು ಹುಡುಕುವುದಿಲ್ಲ. ಹೆಸರನ್ನು ಹೆಸರಾಗಿಯೇ ಇಟ್ಟುಕೊಳ್ಳುವ ಈ ವಿವೇಕ ಪಠ್ಯಪುಸ್ತಕಗಳಲ್ಲಿ ವಿರಳ.

ಹಾಗಾದರೆ ಪಿ.ಎಲ್.ಜೆಡ್.ಎಫ್. ನಿರ್ದೋಷಿಯೇ? ಹಾಗೆಂದು ಸಾರಿದರೆ ಇನ್ನೊಂದು ಅತಿರೇಕವಾದೀತು. ವರ್ಣತಂತುಗಳು ಮುರಿದು ಕೂಡಿದಾಗ ಅದರ ತಲೆಯೂ ಎರಡು ಬೆರಳುಗಳೂ ರೆಟಿನೋಯಿಕ್ ಆಮ್ಲದ ಗ್ರಾಹಕಕ್ಕೆ ಬೆಸೆದುಕೊಳ್ಳುತ್ತವೆ. ಉಳಿದ ಏಳು ಬೆರಳುಗಳು ಗ್ರಾಹಕದ ಇನ್ನೊಂದು ತುಣುಕಿನೊಡನೆ ಹೋಗುತ್ತವೆ. 1988ರಲ್ಲಿ ವಾಂಗ್ ಝೆನ್‌ಯಿ ಅವರ ಶಾಂಘೈ ತಂಡ 24 ರೋಗಿಗಳ ಅನುಭವವನ್ನು ಪ್ರಕಟಿಸಿ, ಎ ಜೀವಸತ್ವಕ್ಕೆ ಸಂಬಂಧಿಸಿದ ಈ ಆಮ್ಲದಿಂದಲೇ ಪ್ರೋಮೈಲೋಸೈಟಿಕ್ ರಕ್ತಾರ್ಬುದವನ್ನು ಹಿಮ್ಮೆಟ್ಟಿಸಬಹುದೆಂದು ತೋರಿಸಿತ್ತು. ಆದರೆ 11–17ರ ರೋಗಿಗಳಲ್ಲಿ ಈ ಮದ್ದು ಸರಿಯಾಗಿ ನಾಟಲಿಲ್ಲ. 1998ರ ಸಂಶೋಧನೆಗಳಿಂದ ಕಾರಣ ವಿಶದವಾಯಿತು. ಎರಡು ಬಗೆಯ ರೋಗದಲ್ಲಿಯೂ ಗ್ರಾಹಕಕ್ಕೆ ಅಂಟಿಕೊಂಡ ದಮನಕಾರಿ ಪ್ರೋಟೀನುಗಳು ಜೀನುಗಳ ಬಾಯಿ ಮುಚ್ಚಿಸಿರುತ್ತವೆ. ಮದ್ದು ಸಾಕಷ್ಟು ದೊರೆತಾಗ 15–17ರಲ್ಲಿ ಅವು ಕಳಚಿಕೊಳ್ಳುತ್ತವೆ, 11–17ರಲ್ಲಿ ಪಿ.ಎಲ್.ಜೆಡ್.ಎಫ್.ನ ತಲೆ ಅವನ್ನು ತಾನೂ ಹಿಡಿದಿರುವುದರಿಂದ ಬಿಡುವುದಿಲ್ಲ. ಎರಡನೆಯ ಮದ್ದಾದ ಪಾಷಾಣದ ಗತಿಯೂ ಇಷ್ಟೆ. 15ನೆಯ ವರ್ಣತಂತುವಿನಿಂದ ಬಂದ ಪಿ.ಎಂ.ಎಲ್. ಪ್ರೋಟೀನಿನಲ್ಲಿ ಸತು ಕೂರುವ ಸ್ಥಳಕ್ಕೇ ಆರ್ಸೆನಿಕ್ ಹೋಗಿ ಹಿಡಿಯುತ್ತದೆಂದು 2010ರಲ್ಲಿ ತಿಳಿಯಿತು. 11–17ರಲ್ಲಿ ಬೆಸುಗೆಗೆ ಬಂದಿರುವುದು ಆ ಪ್ರೋಟೀನೇ ಅಲ್ಲವಾದುದರಿಂದ ಪಾಷಾಣಕ್ಕೆ ಅಲ್ಲಿ ಹಿಡಿಯಲು ಏನೂ ಇಲ್ಲ.

ಇಲ್ಲಿ ಜೊತೆಗಾರನ ಗುರುತು ರೋಗಿಯ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಆದರೂ 'ಕಾರಣ'ವೆಂಬ ಏಕವಚನಕ್ಕೆ ಇದರಿಂದ ಸಮರ್ಥನೆ ದೊರೆಯುವುದಿಲ್ಲ. 2000ದಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ, ಮೊದಲನೆಯ ಬೆಸುಗೆಯೊಂದನ್ನೇ ಇಲಿಗಳಲ್ಲಿ ಸೇರಿಸಿದಾಗ ಬೇರೊಂದು ಬಗೆಯ ರಕ್ತಾರ್ಬುದ ಬಂದಿತು. ಏಳು ಬೆರಳುಗಳ ಎರಡನೆಯ ಬೆಸುಗೆಯೂ ಕೂಡಿದಾಗ ಮಾತ್ರ ಪ್ರೋಮೈಲೋಸೈಟಿಕ್ ರೋಗದ ರೂಪ ತೋರಿತು. ಮುರಿದ ಎರಡು ತುಂಡುಗಳೂ, ಬೆಸೆದುಕೊಂಡ ಗ್ರಾಹಕವೂ, ಅವು ಕರೆತಂದ ದಮನಕಾರಿಗಳೂ ಸೇರಿ ನಡೆದ ಸಂಗತಿ ಇದು. ಒಂದು ಯುದ್ಧಕ್ಕೆ ಒಬ್ಬ ಅರಸನ ದುರಾಶೆಯೇ ಕಾರಣವೆಂದು ಬರೆದ ಉತ್ತರಪತ್ರಿಕೆಗೆ ನಾವು ಎಷ್ಟು ಅಂಕ ಕೊಡುತ್ತೇವೆ?

ಈಗ ನಾಮಕರಣದ ಅಧಿಕೃತ ಪಟ್ಟಿಯಲ್ಲಿ ಈ ಜೀನಿಗೆ ಜೆಡ್.ಬಿ.ಟಿ.ಬಿ. 16 ಎಂದು ಹೆಸರು. ಕಂದಾಯದವರ ಸರ್ವೆ ನಂಬರಿನಂತೆ ಇದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಪಾಠ ಹೇಳುವವರು ಇದನ್ನು ಮುಂದಿಟ್ಟು, ಸ್ವಸ್ಥಸ್ಥಿತಿಯ ಕೆಲಸಗಳನ್ನು ಮೊದಲು ವಿವರಿಸಿ, ರೋಗದ ಪ್ರಸಂಗಕ್ಕೆ ಆಮೇಲೆ ಬರುವುದು ಉಚಿತವೆಂದು ನಮಗೆ ತೋರುತ್ತದೆ. ವೈದ್ಯರು ಹಳೆಯ ಹೆಸರನ್ನು ಬಿಡದಿರುವುದಕ್ಕೂ ಆಧಾರವುಂಟು. ಚಿಕ್ಕಬಳ್ಳಾಪುರದ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಬೇರೆ ಆಸ್ಪತ್ರೆಗೋ ಹೋದ ರೋಗಿಯ ರಕ್ತ ಸೂಕ್ಷ್ಮದರ್ಶಕದಲ್ಲಿ ಪ್ರೋಮೈಲೋಸೈಟಿಕ್ ರೋಗದಂತೆಯೇ ಕಂಡು, 15–17ರ ಪರೀಕ್ಷೆಯಲ್ಲಿ ಏನೂ ಸಿಕ್ಕದಿದ್ದಾಗ, 11–17 ಇದೆಯೇ ಎಂದು ಮುಂದಿನ ಪರೀಕ್ಷೆಗೆ ಕಳುಹಿಸುವಂತೆ ಅವರಿಗೆ ನೆನಪು ಕೊಡುವುದು ಆ ಹಳೆಯ ಹೆಸರೇ.