ಮಂಗಳೂರು ಕಳಿಸಿಕೊಟ್ಟ ಸಂತಳು: ಮರಿಯಮ್ ಬವಾರ್ದಿಯ ಕಠಿಣ ಮಾತುಗಳನ್ನು ಓದುವ ಬಗೆ

1870ರ ಕೊನೆಯ ಹೊತ್ತಿಗೆ ಮಂಗಳೂರಿನಲ್ಲಿ ಭಾರತದ ಮೊದಲ ಕಾರ್ಮೆಲ್ ಕನ್ಯಾಮಠ ಆರಂಭವಾಯಿತು. ಫ್ರಾನ್ಸಿನ ಪೋ ಪಟ್ಟಣದ ಮಠದಿಂದ ಹೊರಟ ತಂಡದಲ್ಲಿ ಮೂವರು ಊರು ಮುಟ್ಟುವ ಮೊದಲೇ ತೀರಿಕೊಂಡಿದ್ದರು. ಉಳಿದು ಬಂದವರಲ್ಲಿ ಒಬ್ಬಳು ಗಲಿಲೇಯದ ಇಬಿಲ್ಲಿನ್ ಹಳ್ಳಿಯ ಮರಿಯಮ್ ಬವಾರ್ದಿ. ಆಗ ಆಕೆಗೆ 24 ವರ್ಷ. ಮಠದಲ್ಲಿ ಆಕೆಯ ಹೆಸರು ಶಿಲುಬೆಗೇರಿದ ಯೇಸುವಿನ ಮರಿಯ. ಓದು ಬರಹ ಇಲ್ಲವೆನ್ನುವಷ್ಟು ಕಡಿಮೆ; ಲ್ಯಾಟಿನ್ ಪ್ರಾರ್ಥನೆಗಳನ್ನು ಓದಲಾಗದ್ದರಿಂದ ಆಕೆ ಅಡುಗೆಮನೆ, ಬಟ್ಟೆ, ಬಾವಿಯ ಕೆಲಸ ನೋಡಿಕೊಳ್ಳುವ ಸೋದರಿಯಾಗಿದ್ದಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದಳು. ಮರುವರ್ಷ ಅದೇ ಮಠದವರು ಆಕೆಯ ಮೇಲೆ ಸಂಶಯಪಟ್ಟು ಫ್ರಾನ್ಸಿಗೆ ಮರಳಿ ಕಳಿಸಿದರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಸಾರಿದರು.

ಒಂದೇ ಬದುಕು, ಒಂದೇ ಬಗೆಯ ಮಾತು. ಒಂದು ಕಾಲದಲ್ಲಿ ಅದು ಭ್ರಮೆಯೋ ಪಿಶಾಚಿಯ ಕಾಟವೋ ಎನಿಸಿತು. ಇನ್ನೊಂದು ಕಾಲದಲ್ಲಿ ಪವಿತ್ರ ಎನಿಸಿತು. ಹೀಗಿರುವಾಗ ಆಕೆಯ ಮಾತುಗಳನ್ನು ಇವತ್ತು ಓದುವವರು ಏನನ್ನು ನೆಚ್ಚಬೇಕು? ಆಕೆಯನ್ನು ನಮಗೆ ಕೊಟ್ಟ ಕಾರ್ಮೆಲ್ ಪರಂಪರೆಯಲ್ಲೇ ಇದಕ್ಕೆ ಉತ್ತಮವಾದ ಓದಿನ ಕ್ರಮ ಇದೆ ಎಂಬುದು ನನ್ನ ನಂಬಿಕೆ. ಆದರೆ ಮರಿಯಮ್ಮಳ ವಿಷಯದಲ್ಲಿ ಆ ಕ್ರಮವನ್ನು ಎರಡು ಸಲ ಕೈಬಿಡಲಾಯಿತು: ಮೊದಲು ಮಂಗಳೂರಿನಲ್ಲಿ ಆ ಪರಂಪರೆಯವರಿಂದಲೇ, ಆಮೇಲೆ ಆಕೆಯ ಮಾತುಗಳನ್ನು ಪುಸ್ತಕ ಮಾಡುವಾಗ.

ಬದುಕಿನ ವಿವರಗಳೇ ಓದುಗರನ್ನು ಕಂಗೆಡಿಸುವಂಥವು. 1846ರ ಜನವರಿ 5ರಂದು ಮೆಲ್ಕೈಟ್ ಕಥೋಲಿಕ ಮನೆತನದಲ್ಲಿ ಹುಟ್ಟು. ಆಕೆಗಿಂತ ಮೊದಲು ಹುಟ್ಟಿದ ಹನ್ನೆರಡು ಗಂಡುಮಕ್ಕಳು ಎಳವೆಯಲ್ಲೇ ಹೋಗಿದ್ದವು. ಮರಿಯಮ್ಮಳಿಗೆ ಮೂರು ತುಂಬುವ ಮೊದಲೇ ತಂದೆ ತಾಯಿ ತೀರಿಕೊಂಡರು. ಚಿಕ್ಕಪ್ಪನ ಮನೆಯಲ್ಲಿ ಬೆಳೆದಳು. ಅಲೆಕ್ಸಾಂಡ್ರಿಯದಲ್ಲಿ ಮದುವೆ ಗೊತ್ತುಮಾಡಿದಾಗ ಕೂದಲು ಕತ್ತರಿಸಿಕೊಂಡು ಒಲ್ಲೆ ಎಂದಳು. 1858ರಲ್ಲಿ ಮತಾಂತರಕ್ಕೆ ಒಪ್ಪದ ಸಿಟ್ಟಿಗೆ ಒಬ್ಬ ಆಕೆಯ ಕುತ್ತಿಗೆ ಕೊಯ್ದು ಬೀದಿಗೆ ಎಸೆದ. ನೀಲಿ ಬಟ್ಟೆಯ ಒಬ್ಬಳು ಗುಹೆಯಲ್ಲಿ ತನ್ನನ್ನು ಆರೈಕೆ ಮಾಡಿದಳೆಂದು ಆಕೆ ಹೇಳಿದಳು; ಆಮೇಲೆ ಅದು ಮಾತೆ ಮರಿಯಮ್ಮನವರೇ ಎಂದಳು. ಕುತ್ತಿಗೆಯ ಗಾಯದ ಗುರುತು ಕೊನೆಯವರೆಗೂ ಇತ್ತು. ಮನೆಗೆಲಸ ಮಾಡುತ್ತ ಜೆರುಸಲೇಮ್, ಬೈರೂತ್, ಮಾರ್ಸೇ ಸುತ್ತಿ 1867ರಲ್ಲಿ ಪೋ ಮಠ ಸೇರಿದಳು. ಆಕೆಯನ್ನು ಅಲ್ಲಿಗೆ ಕರೆದೊಯ್ದ ಮದರ್ ವೆರೋನಿಕಾ ಮುಂದೆ ಅಪೋಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ಮಂಗಳೂರಿನ ಸೇಂಟ್ ಆಗ್ನೆಸ್ ಕಾಲೇಜು, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು ಆ ಸಭೆಯವು. ನಮ್ಮೂರಿನ ಸಾವಿರಾರು ಹೆಣ್ಣುಮಕ್ಕಳು ಓದಿದ ಈ ಕಾಲೇಜುಗಳ ಮೂಲಕಥೆಯ ಪಕ್ಕದಲ್ಲೇ ಮರಿಯಮ್ಮಳ ಕಥೆಯೂ ಇದೆ.

ಆಕೆ ತಾನಾಗಿ ಪುಸ್ತಕ ಬರೆದವಳಲ್ಲ. ಪರವಶಳಾಗಿದ್ದಾಗ ಆಡಿದ ಮಾತು, ಹಾಡಿದ ಹಾಡುಗಳನ್ನು ಜೊತೆಯ ಸೋದರಿಯರು ಕೇಳಿಸಿಕೊಂಡು ನೋಟುಪುಸ್ತಕಗಳಲ್ಲಿ ಬರೆದಿಟ್ಟರು. ಆಕೆಯ ಆತ್ಮಸಲಹೆಗಾರರಾಗಿದ್ದ ಬೆತಾರಾಮ್ ಸಭೆಯ ಫಾದರ್ ಎಸ್ತ್ರಾತ್ ಜೀವನಚರಿತ್ರೆ ಬರೆದರು. ಅದೇ ಸಭೆಯ ಫಾದರ್ ದೆನಿ ಬುಜಿ ಆ ಮಾತುಗಳನ್ನು ಆಯ್ದು ವಿಷಯವಾರು ಜೋಡಿಸಿದರು. ಹಾಗಾಗಿ ಇವತ್ತು ನಮ್ಮ ಕೈಗೆ ಬರುವ ಪ್ರತಿ ವಾಕ್ಯದ ಹಿಂದೆ ಅರಬ್ಬಿಯಲ್ಲಿ ಯೋಚಿಸಿದ ಮನಸ್ಸು, ಅರೆಬರೆ ಫ್ರೆಂಚಿನಲ್ಲಿ ಆಡಿದ ಬಾಯಿ, ಅವಸರದಲ್ಲಿ ಗೀಚಿದ ಕೈ, ತಿದ್ದಿ ಜೋಡಿಸಿದ ಸಂಪಾದಕ ಇಷ್ಟೂ ಜನ ಇದ್ದಾರೆ. ಇದನ್ನು ಮರೆತು ಓದಿದರೆ ಮೊದಲ ಪುಟದಲ್ಲೇ ದಾರಿ ತಪ್ಪುತ್ತದೆ.

ನಾನಿರುವ ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನಲ್ಲಿ, ಆಚೆಯ ರಾಜಾಜಿನಗರ, ನಂದಿನಿ ಲೇಔಟುಗಳಲ್ಲಿ, ಕರಾವಳಿಯಿಂದ ಬಂದು ನೆಲೆಸಿದ ಕಥೋಲಿಕ ಮನೆಗಳಿವೆ. ಸಂತರ ಮಾತುಗಳು ಈಗ ಇಲ್ಲಿಗೆ ವಾಟ್ಸಾಪಿನಲ್ಲೇ ಬರುತ್ತವೆ, ಹೂವಿನ ಚಿತ್ರದ ಮೇಲೆ ಒಂದೊಂದು ಸಾಲಾಗಿ. ಹಾಗೆ ಬಂದ ಮರಿಯಮ್ಮಳ ಒಂದು ಮಾತನ್ನು ತೋರಿಸಿ ಮಂಗಳೂರು ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು: "ನರಕದಲ್ಲಿ ಸದ್ಗುಣ ಇರುವುದು ಹೇಗೆ ಮಾರಾಯ್ರೇ? ಸಂತರು ಹೀಗೆ ಹೇಳಬಹುದಾ?" ನರಕದಲ್ಲಿ ಎಲ್ಲ ಸದ್ಗುಣಗಳೂ ಸಿಕ್ಕಾವು, ದೀನತೆಯೊಂದು ಸಿಗದು, ಸ್ವರ್ಗದಲ್ಲಿ ಎಲ್ಲ ಕುಂದುಗಳೂ ಇದ್ದಾವು, ಅಹಂಕಾರವೊಂದು ಇರದು ಎಂಬುದು ಆ ಮಾತಿನ ಸಾರ.

ಪ್ರಶ್ನೆ ನ್ಯಾಯವಾದದ್ದೇ. ಧರ್ಮೋಪದೇಶದ ಪುಸ್ತಕದ ಪ್ರಕಾರ ಸ್ವರ್ಗದಲ್ಲಿ ಕುಂದು ಇರುವಂತಿಲ್ಲ. ಮಾತನ್ನು ಸಿದ್ಧಾಂತದ ಸೂತ್ರವೆಂದು ಹಿಡಿದರೆ ಅದು ತಪ್ಪು. ಆದರೆ ಅದು ಸೂತ್ರವಲ್ಲ. ಹೆಚ್ಚಿಸಿ ಹೇಳಿ ಒಂದೇ ಏಟಿಗೆ ಮನಸ್ಸಿಗೆ ನಾಟಿಸುವ, ಗಾದೆಯ ಜಾಯಮಾನದ ಮಾತು; ಹಳ್ಳಿಯ ಅಜ್ಜಿಯರು ಆಡುವ ಬಗೆ. ಉಪವಾಸ, ದಾನ, ತಪಸ್ಸು, ವ್ರತನಿಷ್ಠೆ ಯಾವುದೇ ಇರಲಿ, 'ನಾನು ಮಾಡಿದೆ' ಎಂಬುದು ಅದರೊಳಗೆ ಸೇರಿದರೆ ಅದು ದೇವರ ಕಡೆಗೆ ಒಯ್ಯುವುದಿಲ್ಲ. ಬಿದ್ದವನು ತಾನು ಬಿದ್ದೆನೆಂದು ಒಪ್ಪಿಕೊಂಡರೆ ಅವನಿಗೆ ದಾರಿ ಮುಚ್ಚಿಲ್ಲ. ಪ್ರೀತಿಯಿಲ್ಲದಿದ್ದರೆ ಸರ್ವಸ್ವ ದಾನವೂ ವ್ಯರ್ಥವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತೇ. ಆಕೆ ತನ್ನನ್ನು ಏನೂ ಅಲ್ಲದವಳು ಎಂದು ಕರೆದುಕೊಳ್ಳುತ್ತಿದ್ದುದನ್ನೂ ಈ ಬೆಳಕಿನಲ್ಲೇ ಓದಬೇಕು. ಅದು ತನ್ನನ್ನು ತಾನು ಹಳಿದುಕೊಳ್ಳುವ ರೋಗವಲ್ಲ. ಮಾಡುವವನು ದೇವರು ಎಂಬ ನಿರಾಳ.

ಎರಡನೆಯ ಬಗೆಯ ಕಷ್ಟ ಭರವಸೆಯ ಮಾತುಗಳದ್ದು. ಪವಿತ್ರಾತ್ಮರ ಭಕ್ತಿಯನ್ನು ಗುರುಗಳೂ ಮಠದವರೂ ಮರೆತಿದ್ದಾರೆ, ಲೋಕದ ಒಡಕಿಗೆ ಅದೇ ಕಾರಣ, ಅವರನ್ನು ಪ್ರಾರ್ಥಿಸುವವರು ಕತ್ತಲಲ್ಲಿ ಸಾಯುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಆಕೆ ಪರವಶತೆಯಲ್ಲಿ ಕೇಳಿಸಿಕೊಂಡಳೆಂದು ದಾಖಲಾಗಿದೆ. ಗುರುಗಳು ತಿಂಗಳಿಗೊಮ್ಮೆ ಪವಿತ್ರಾತ್ಮರ ಬಲಿಪೂಜೆ ಅರ್ಪಿಸಬೇಕೆಂಬ ಕೋರಿಕೆಯೂ ಇದೆ. ಇದನ್ನು ಕೆಲವರು ಕರಾರುಪತ್ರದ ಹಾಗೆ ಓದುತ್ತಾರೆ: ಇಷ್ಟು ಪ್ರಾರ್ಥನೆ ಮಾಡಿದರೆ ಇಂಥ ಫಲ ಖಾತ್ರಿ.

ಹೀಗೆ ಓದಬೇಡಿ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಕಾರ್ಮೆಲ್ ಸಭೆಯ ಗುರುವೇ, 16ನೇ ಶತಮಾನದ ಶಿಲುಬೆಯ ಸಂತ ಯೋವಾನ್ನರು. 'ಕಾರ್ಮೆಲ್ ಪರ್ವತಾರೋಹಣ'ದ ಎರಡನೆಯ ಭಾಗದಲ್ಲಿ ಅವರು ದರ್ಶನ, ಒಳದನಿಗಳನ್ನು ಒಂದೊಂದಾಗಿ ಒರೆಗೆ ಹಚ್ಚುತ್ತಾರೆ. ದೇವರಿಂದಲೇ ಬಂದ ಮಾತನ್ನೂ ಕೇಳಿದವರು ತಪ್ಪಾಗಿ ತಿಳಿಯಬಹುದು ಎಂಬುದು ಅವರ ನಿಲುವು. ಅಬ್ರಹಾಮನಿಗೆ ನಾಡು ಕೊಡುವೆನೆಂದ ದೇವರು ಅವನ ಜೀವಮಾನದಲ್ಲಿ ಕೊಡಲಿಲ್ಲ, ಸಂತತಿಗೆ ಕೊಟ್ಟರು. ಈಜಿಪ್ಟಿನಿಂದ ಮರಳಿ ಕರೆತರುವೆನೆಂಬ ಮಾತು ಪಡೆದ ಯಕೋಬ ಈಜಿಪ್ಟಿನಲ್ಲೇ ಸತ್ತ. ಮಾತು ಸುಳ್ಳಾಗಲಿಲ್ಲ, ಕೇಳಿದವರ ಅಳತೆ ಚಿಕ್ಕದಾಗಿತ್ತು. ಆದ್ದರಿಂದ ಇಂಥ ಮಾತುಗಳಿಗೆ ಜೋತು ಬೀಳಬೇಡ, ವಿಶ್ವಾಸದಲ್ಲಿ ನಡೆ ಎನ್ನುತ್ತಾರೆ ಅವರು. ಆವಿಲದ ಸಂತ ತೆರೇಸಾ 1577ರಲ್ಲಿ ಬರೆದ 'ಅಂತರಂಗದ ಕೋಟೆ'ಯ ಆರನೆಯ ನಿಲಯದಲ್ಲಿ ಒಳದನಿಗೆ ಮೂರು ಪರೀಕ್ಷೆ ಇಡುತ್ತಾರೆ: ಅದು ಹೇಳಿದ್ದನ್ನು ಆಗಿಸುವ ಶಕ್ತಿ, ಅದರಿಂದ ಮನಸ್ಸಿಗೆ ಬರುವ ಶಾಂತಿ, ಬಹುಕಾಲ ನೆನಪಿನಿಂದ ಅಳಿಯದ ಗುಣ. ದನಿ ಎಷ್ಟು ಬೆರಗಿನದು ಎಂಬ ಪ್ರಶ್ನೆ ಈ ಪರೀಕ್ಷೆಯಲ್ಲಿ ಬರುವುದೇ ಇಲ್ಲ.

ಧರ್ಮಸಭೆಯ ನಿಲುವೂ ಇದಕ್ಕೆ ಹೊಂದುತ್ತದೆ. ಖಾಸಗಿ ಪ್ರಕಟಣೆಗಳು ಶುಭಸಂದೇಶಕ್ಕೆ ಹೊಸದನ್ನು ಸೇರಿಸುವುದಿಲ್ಲ; ಒಂದು ಕಾಲದಲ್ಲಿ ಅದನ್ನು ಹೆಚ್ಚು ಪೂರ್ಣವಾಗಿ ಬಾಳಲು ನೆರವಾಗುತ್ತವೆ, ಅಷ್ಟೆ. ಸಂತ ಪದವಿ ಸಿಕ್ಕಿತೆಂದರೆ ಆ ವ್ಯಕ್ತಿ ಆಡಿದ ಪ್ರತಿ ಮಾತಿಗೂ ಮುದ್ರೆ ಬಿತ್ತೆಂದಲ್ಲ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಹೊರಡಿಸಿದ ಹೊಸ ನಿಯಮಗಳು ಇನ್ನೂ ಎಚ್ಚರದವು: ಇಂಥ ಸಂಗತಿಗಳ ಬಗ್ಗೆ ಆರು ಬಗೆಯ ತೀರ್ಮಾನಗಳಿಗೆ ಅವಕಾಶವಿದೆ, ಆದರೆ ಇದು ದೈವಿಕವೇ ಎಂದು ಸಾರುವುದು ಸಾಮಾನ್ಯವಾಗಿ ಆ ತೀರ್ಮಾನಗಳಲ್ಲಿ ಸೇರುವುದಿಲ್ಲ. ಈ ಅಳತೆಯಲ್ಲಿ ಮರಿಯಮ್ಮಳ ಪವಿತ್ರಾತ್ಮ ಸಂದೇಶವನ್ನು ಓದಿದರೆ ಕರಾರುಪತ್ರ ಕರಗಿ ಕರೆಯೊಂದು ಉಳಿಯುತ್ತದೆ: ನಿಯಮ, ಸಂಸ್ಥೆ, ಕಟ್ಟಡಗಳ ಗಲಾಟೆಯಲ್ಲಿ ಜೀವ ಕೊಡುವವರನ್ನು ಮರೆಯಬೇಡಿ.

ಇಷ್ಟು ಹದವಾದ ಕ್ರಮ ಕೈಯಲ್ಲಿದ್ದೂ ಮಂಗಳೂರಿನಲ್ಲಿ ಏಕೆ ಎಡವಿದರು? ಆಕೆಯ ಪರವಶತೆಗಳು ಅಡುಗೆಮನೆಯಲ್ಲಿ, ಕೆಲಸದ ನಡುವೆ ಬರುತ್ತಿದ್ದವು. ಪೋ ಮಠದಲ್ಲಿದ್ದಾಗ 1868ರಲ್ಲಿ 40 ದಿನ ಪಿಶಾಚಿಯ ಬಾಧೆ ಅನುಭವಿಸಿದಳೆಂಬ ವರದಿ ಆಕೆಯ ಬೆನ್ನಿಗಿತ್ತು. ಮಂಗಳೂರಿನಲ್ಲೂ ಹಾಗೆಯೇ ಕಾಣುವ ಘಟನೆಗಳು ನಡೆದವು. ಮೊದಲು ಬೆರಗಿನಿಂದ ಕಂಡವರೇ ಆಮೇಲೆ ಅನುಮಾನಪಟ್ಟರು. ಆಕೆಯ ವಿಧೇಯತೆ ನಿಜವೇ ಎಂಬವರೆಗೂ ಪ್ರಶ್ನೆ ಬೆಳೆಯಿತು. ಧರ್ಮಾಧ್ಯಕ್ಷ ಮರಿ ಎಫ್ರೆಮ್ ಗಾರೆಲೋನ್ ಸ್ವತಃ ಕಾರ್ಮೆಲ್ ಸಭೆಯವರು. ಹೊಸ ಮಠದ ಹೊಣೆ ಅವರ ತಲೆಯ ಮೇಲಿತ್ತು.

ಅನುಮಾನ ತಪ್ಪಲ್ಲ. ಯೋವಾನ್ನರ ಶಿಷ್ಯರು ಅನುಮಾನಿಸಲೇಬೇಕು. ತಪ್ಪಿದ್ದು ಬೇರೆ ಕಡೆ. ಮೊದಲು ಬೆರಗಿಗೆ ತೂಕ ಕೊಟ್ಟರು, ಬೆರಗು ಹಳಸಿದಾಗ ಅದೇ ತೂಕವನ್ನು ಭಯಕ್ಕೆ ಕೊಟ್ಟರು. ಯೋವಾನ್ನರು ಹೇಳಿದ್ದು ಎರಡನ್ನೂ ಬದಿಗಿಟ್ಟು ಬದುಕನ್ನು ನೋಡಿ ಎಂದು. ಆ ಬದುಕಿನಲ್ಲಿ ಕಾಣುತ್ತಿದ್ದುದು ಮಠದಲ್ಲಿ ಅತ್ಯಂತ ಭಾರದ ಕೆಲಸವನ್ನು ದೂರದೆ ಮಾಡುವ ಸೋದರಿ. ಇನ್ನೊಂದು ಸಂಗತಿಯನ್ನೂ ಬಿಡುವಂತಿಲ್ಲ. ತೀರ್ಪು ಕೊಡುವವರು ಓದಿದ ಯುರೋಪಿಯನ್ನರು. ತೀರ್ಪಿಗೆ ಒಳಗಾದವಳು ಅಕ್ಷರವಿಲ್ಲದ ಅರಬ್ ಅನಾಥೆ, ಮಠದ ಶ್ರೇಣಿಯಲ್ಲಿ ಕೆಳಗಿನವಳು. ತನ್ನ ಅನುಭವವನ್ನು ಅವರ ಭಾಷೆಯಲ್ಲಿ, ಅವರ ದೈವಶಾಸ್ತ್ರದ ಪದಗಳಲ್ಲಿ ವಾದಿಸುವ ದಾರಿ ಆಕೆಗಿರಲಿಲ್ಲ. ತೆರೇಸಾ ತಮ್ಮ ಮೇಲೆ ಅನುಮಾನ ಬಂದಾಗ ಪುಸ್ತಕ ಬರೆದು ಉತ್ತರಿಸಿದರು. ಮರಿಯಮ್ಮಳಿಗೆ ಉತ್ತರವಾಗಿ ಇದ್ದದ್ದು ಮೌನ ಮತ್ತು ಹಡಗಿನ ಪ್ರಯಾಣ.

ಭಕ್ತಿಯ ಜೀವನಚರಿತ್ರೆಗಳು ಈ ಅಧ್ಯಾಯವನ್ನು ದೇವರು ಕಳಿಸಿದ ಪರೀಕ್ಷೆ ಎಂದು ಒಂದೇ ಮಾತಿನಲ್ಲಿ ದಾಟುತ್ತವೆ. ಇದರಿಂದ ಮಠದ ತಪ್ಪೂ ಮುಚ್ಚಿಹೋಗುತ್ತದೆ, ಮರಿಯಮ್ಮಳ ನೋವೂ ಮುಚ್ಚಿಹೋಗುತ್ತದೆ. ಇನ್ನೊಂದು ತುದಿಯಲ್ಲಿರುವವರು ಎಲ್ಲವನ್ನೂ ಹಿಸ್ಟೀರಿಯಾ ಎನ್ನುತ್ತಾರೆ. 1895ರಲ್ಲಿ ಬ್ರಾಯರ್ ಎಂಬ ವೈದ್ಯರು ಆವಿಲದ ತೆರೇಸಾ ಅವರನ್ನೇ ಹಿಸ್ಟೀರಿಯಾದ ಪೋಷಕ ಸಂತಳೆಂದು ಕರೆದಿದ್ದರು. ಬಾಲ್ಯದ ಗಾಯಗಳು ಮನಸ್ಸಿನ ಮೇಲೆ ಗುರುತು ಬಿಡುತ್ತವೆ, ಮರಿಯಮ್ಮಳ ಮೇಲೂ ಬಿಟ್ಟಿರಬೇಕು. ಆದರೆ ರೋಗದ ಹೆಸರು ಹೇಳಿದೊಡನೆ ಮಾತಿನ ಅರ್ಥ ಹೇಳಿದಂತಾಗುವುದಿಲ್ಲ. 1875ರಲ್ಲಿ ಫ್ರಾನ್ಸಿನಿಂದ ಬೆತ್ಲೆಹೇಮಿಗೆ ಹೋದ ಮೇಲೆ ಅಲ್ಲಿ ಹೊಸ ಕಾರ್ಮೆಲ್ ಮಠ ಕಟ್ಟುವಾಗ ಅರಬ್ಬಿ ಬಲ್ಲ ಆಕೆಯೇ ಕೆಲಸಗಾರರ ಮೇಲ್ವಿಚಾರಣೆ ನೋಡಿಕೊಂಡಳು. ಅವರಿಗೆ ನೀರು ಒಯ್ಯುವಾಗ ಬಿದ್ದು ಕೈ ಮುರಿದು, ಗಾಯ ಕೊಳೆತು 1878ರ ಆಗಸ್ಟ್ 26ರಂದು ತೀರಿಕೊಂಡಳು. ಹೀಗೆ ಕಟ್ಟಡ ಕಟ್ಟಿಸಿದವಳನ್ನು ಕೇವಲ ಭ್ರಮೆಯವಳೆಂದು ಬದಿಗಿಡಲಾಗದು.

ಎರಡನೆಯ ಎಡವು ಪುಸ್ತಕದ್ದು. ಇಲ್ಲಿ ಕನ್ನಡದ ಓದುಗರಿಗೆ ನಮ್ಮದೇ ಅನುಭವವಿದೆ. ಅಲ್ಲಮನ ಬೆಡಗಿನ ವಚನಗಳಿಗೆ ನಮ್ಮ ಹಿರಿಯರು ಎರಡು ಬಗೆಯಲ್ಲಿ ದಾರಿ ಮಾಡಿದರು. ಟೀಕಾಕಾರರು ಒಂದೊಂದು ಸಂಕೇತಕ್ಕೂ ಒಂದೊಂದು ತಾತ್ವಿಕ ಅರ್ಥ ಕಟ್ಟಿದರು. ಶೂನ್ಯಸಂಪಾದನೆಯ ಸಂಪಾದಕರು ವಚನವನ್ನು ಪ್ರಸಂಗದಲ್ಲಿಟ್ಟರು: ಯಾರು, ಯಾರಿಗೆ, ಯಾವ ವಾದದ ನಡುವೆ ಹೇಳಿದರು ಎಂದು. ಮೊದಲ ದಾರಿಯಲ್ಲಿ ವಚನ ಒಗಟಿನ ಉತ್ತರವಾಗಿ ಕುಗ್ಗುವ ಅಪಾಯವಿದೆ. ಎರಡನೆಯದರಲ್ಲಿ ಮಾತಿಗೆ ಜೀವ ಬರುತ್ತದೆ, ಆದರೆ ಪ್ರಸಂಗ ಕಟ್ಟಿದವರು ನಂತರದವರು ಎಂಬುದನ್ನು ನೆನಪಿಡಬೇಕು. ಮರಿಯಮ್ಮಳ ಮಾತುಗಳನ್ನು ದೀನತೆ, ವಿಧೇಯತೆ, ಪವಿತ್ರಾತ್ಮ ಎಂಬ ತಲೆಬರಹಗಳ ಕೆಳಗೆ ಜೋಡಿಸಿದಾಗ ಇದಕ್ಕಿಂತ ದೊಡ್ಡ ನಷ್ಟವಾಯಿತು. ಪ್ರಸಂಗ ನಿಜವಾಗಿ ಇತ್ತು, ಅದನ್ನು ಕಳಚಿಡಲಾಯಿತು. ವಿಧೇಯತೆಯ ಬಗ್ಗೆ ಆಡಿದ ಮಾತು ಮಂಗಳೂರಿಗೆ ಮೊದಲಿನದೋ, ಅವಮಾನದಿಂದ ಮರಳಿದ ಮೇಲಿನದೋ ಎಂಬುದು ತಿಳಿದರೆ ಅದೇ ಮಾತಿನ ತೂಕ ಬೇರೆಯಾಗುತ್ತದೆ. ತಾನು ಬರೆದ ಕವಿತೆಗೆ ತಾನೇ ವ್ಯಾಖ್ಯಾನ ಬರೆಯಹೊರಟ ಯೋವಾನ್ನರು 'ಕಗ್ಗತ್ತಲ ರಾತ್ರಿ'ಯ ಎಂಟು ಪದ್ಯಗಳಲ್ಲಿ ಎರಡನ್ನು ಮುಗಿಸಿ ಮೂರನೆಯದರ ಮೊದಲಿಗೇ ನಿಂತರು. ಮಾತನ್ನು ಪೂರ್ತಿ ಬಿಡಿಸಿ ಮುಗಿಸಬೇಕೆಂಬ ಹಟ ಈ ಪರಂಪರೆಯ ಮೂಲಗುರುವಿಗೇ ಇರಲಿಲ್ಲ.

ನನ್ನ ತೀರ್ಮಾನ ಇದು. ಕಾರ್ಮೆಲ್ ಪರಂಪರೆ ನಮಗೆ ಕೊಟ್ಟ ಓದಿನ ಕ್ರಮ ದೊಡ್ಡದು. ಅನುಭಾವಿಯ ಮಾತನ್ನು ಪೂಜಿಸದೆ, ತಳ್ಳದೆ, ಬದುಕಿನ ಒರೆಗಲ್ಲಿಗೆ ತಿಕ್ಕಿ ನೋಡುವ ಧೈರ್ಯ ಅದರಲ್ಲಿದೆ. ಆದರೆ ಮಾತಾಡುವವಳು ಬಡವಳೂ ಅನಕ್ಷರಸ್ಥಳೂ ಆದಾಗ ಆ ಕ್ರಮವನ್ನು ನಡೆಸುವವರ ಕೈ ನಡುಗಿತು. ಸಂತ ಪದವಿ ಆ ಲೋಪವನ್ನು ತನ್ನಿಂದ ತಾನೇ ಸರಿಪಡಿಸುವುದಿಲ್ಲ.

ಸರಿಪಡಿಸುವ ಕೆಲಸ ಓದುಗರದ್ದು, ಸಂಪಾದಕರದ್ದು, ಅದರಲ್ಲೂ ಕರ್ನಾಟಕದವರದ್ದು. ಕನ್ನಡದಲ್ಲಿ ಮರಿಯಮ್ಮಳ ಮಾತುಗಳನ್ನು ಕೊಡುವವರು ಪ್ರತಿ ಮಾತಿನ ಜೊತೆ ಅದನ್ನು ಆಡಿದ ಊರು, ದಿನ, ಬರೆದುಕೊಂಡವರು ಯಾರೆಂಬುದನ್ನು ದಾಖಲೆ ಇರುವಷ್ಟೂ ಕೊಡಲಿ. ಮಂಗಳೂರಿನ ಎರಡು ವರ್ಷಗಳ ಕಥೆಯನ್ನು ಮುಜುಗರವಿಲ್ಲದೆ ಪೂರ್ತಿ ಬರೆಯಲಿ. ಅಲ್ಲಿಯವರೆಗೆ, ಫೋನಿಗೆ ಬಂದ ಒಂಟಿ ಸಾಲನ್ನು ಮುಂದಕ್ಕೆ ಕಳಿಸುವ ಮೊದಲು, ಇದನ್ನು ಆಕೆ ಯಾವಾಗ, ಯಾರಿಗೆ ಹೇಳಿದಳು ಎಂದು ನಾವು ಕೇಳಿಕೊಳ್ಳೋಣ.