ಎರೆ ಮಣ್ಣನ್ನು ಮರೆತ ನಕ್ಷೆ

ಅವಳಿ ಗುಂಡಿ ಶೌಚಾಲಯದ ಚಿತ್ರ ಶಿಕ್ಷಕರಿಗೆ ಹೊಸದಲ್ಲ. ಒಂದು ಬೇಸಿನ್, ಅದರ ಹಿಂದೆ ಕವಲು ತೊಟ್ಟಿ, ಅಲ್ಲಿಂದ ಎರಡು ಕೊಳವೆ, ಕೊನೆಗೆ ಎರಡು ಗುಂಡಿ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ, 12,000 ರೂಪಾಯಿ ಪ್ರೋತ್ಸಾಹಧನದೊಡನೆ ಈ ವಿನ್ಯಾಸ ಹಳ್ಳಿಹಳ್ಳಿಗೂ ತಲುಪಿತು. ಇದರ ಹಿಂದಿನ ವಿಜ್ಞಾನ ಗಟ್ಟಿಯಾದುದು. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ನಕ್ಷೆಯ ಬಗ್ಗೆ. ಗುಂಡಿಯ ಸುತ್ತ ಇರುವ ಮಣ್ಣು ಯಾವುದೆಂದು ಆ ನಕ್ಷೆ ಕೇಳುವುದೇ ಇಲ್ಲ. ಕಿತ್ತೂರಿನ ಪಡುಬದಿಯ ಕೆಂಪು ಮಣ್ಣಿಗೂ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆ ಭೂಮಿಗೂ ಅದೇ ಗುಂಡಿ, ಅದೇ ಅಳತೆ.

ಈ ಗುಂಡಿ ತೊಟ್ಟಿಯಲ್ಲ, ಒಂದು ಸೋಸುಕ. ಘನಭಾಗ ಒಳಗೆ ಉಳಿಯಬೇಕು. ನೀರು ಇಟ್ಟಿಗೆಗಳ ನಡುವೆ ಬಿಟ್ಟ ಕಿಂಡಿಗಳಿಂದ ಹೊರಗೆ ಇಂಗಬೇಕು. ನೀವೇ ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ವ್ಯಾಸ, ಒಂದು ಮೀಟರ್ ಬಳಕೆಯ ಆಳವಿರುವ ಗುಂಡಿಯ ಗಾತ್ರ ಸುಮಾರು 785 ಲೀಟರ್. ಒಬ್ಬರಿಂದ ವರ್ಷಕ್ಕೆ ಸೇರುವ ಹೂಳು ಸುಮಾರು 45 ಲೀಟರ್ ಎಂದು ಹಿಡಿದರೆ ಐವರ ಮನೆಗೆ ಮೂರೂವರೆ ವರ್ಷ ಸಾಕು. ಆದರೆ ಅದೇ ಮನೆಯಿಂದ ದಿನಕ್ಕೆ 45ರಿಂದ 50 ಲೀಟರ್ ನೀರೂ ಗುಂಡಿಗೆ ಬೀಳುತ್ತದೆ. ಗುಂಡಿಯ ಸುತ್ತಗೋಡೆಯ ವಿಸ್ತೀರ್ಣ 3.14 ಚದರ ಮೀಟರ್. ಮರಳು ಮಣ್ಣು ಚದರ ಮೀಟರಿಗೆ ದಿನಕ್ಕೆ 50 ಲೀಟರ್ ನೀರನ್ನು ಕುಡಿಯಬಲ್ಲದೆಂದು ವಿನ್ಯಾಸಕಾರರು ಹಿಡಿಯುತ್ತಾರೆ; ಗಟ್ಟಿ ಜೇಡಿಗೆ ಹತ್ತೇ ಲೀಟರ್. ಅಂದರೆ ಜೇಡಿಯಲ್ಲಿ ಇಂಗುವುದು 31 ಲೀಟರ್ ಮಾತ್ರ. ಉಳಿದದ್ದು ದಿನದಿನವೂ ಮೇಲೇರುತ್ತದೆ. ನೆನೆದಾಗ ಉಬ್ಬುವ ಎರೆ ಮಣ್ಣು ಇನ್ನೂ ಕಡಿಮೆ ಕುಡಿಯುತ್ತದೆ. ಆರು ತಿಂಗಳಲ್ಲೇ ಗುಂಡಿ ತುಂಬಿತೆಂದರೆ ಅದು ತುಂಬಿದ್ದು ಹೂಳಿನಿಂದಲ್ಲ, ನೀರಿನಿಂದ. ಬಚ್ಚಲ ನೀರನ್ನೂ ಅದೇ ಗುಂಡಿಗೆ ಬಿಟ್ಟಿದ್ದರೆ ಕೇಳುವುದೇ ಬೇಡ.

ಗುಂಡಿಯ ಸುತ್ತ 30 ಸೆಂಟಿಮೀಟರ್ ದಪ್ಪಕ್ಕೆ ಮರಳು, ಇಟ್ಟಿಗೆ ಚೂರು ತುಂಬಿದರೆ ಮಣ್ಣಿಗೆ ತಾಗುವ ವ್ಯಾಸ 1.6 ಮೀಟರ್ ಆಗುತ್ತದೆ, ವಿಸ್ತೀರ್ಣ 5 ಚದರ ಮೀಟರ್ ದಾಟುತ್ತದೆ. ದಿನದ ನೀರು ಹೇಗೋ ಇಂಗುತ್ತದೆ. ತೀರಾ ಉಬ್ಬುವ ಮಣ್ಣಿಗೆ ಇದೂ ಸಾಲದು, ಗುಂಡಿಯನ್ನೇ ಹಿಗ್ಗಿಸಬೇಕು. ತಾಂತ್ರಿಕ ಕೈಪಿಡಿಗಳಲ್ಲಿ ಇದೆಲ್ಲ ಇಲ್ಲವೆಂದಲ್ಲ. ಗೌಂಡಿಯ ಕೈಗೆ ಬರುವ ಚಿತ್ರದಲ್ಲಿ ಇಲ್ಲ, ಅಷ್ಟೇ.

ಇಂಗುವ ಪರೀಕ್ಷೆಯಲ್ಲೂ ಒಂದು ಮೋಸವಿದೆ. ಏಪ್ರಿಲ್‌ನಲ್ಲಿ ಎರೆ ಹೊಲ ಅಂಗೈ ಹಿಡಿಯುವಷ್ಟು ಬಿರಿದಿರುತ್ತದೆ. ಆಗ ಗುಂಡಿ ತೋಡಿ ನೀರು ಸುರಿದರೆ ಕ್ಷಣದಲ್ಲಿ ಮಾಯ! ಭೂಮಿ ಚೆನ್ನಾಗಿ ಇಂಗಿಸುತ್ತದೆಂದು ಬರೆದುಕೊಂಡು ಹೋಗುತ್ತಾರೆ. ಮಳೆ ಬಿದ್ದು ಬಿರುಕು ಮುಚ್ಚಿದ ಮೇಲೆ ಅದೇ ಗುಂಡಿ ಕೊಡದಂತೆ ನೀರು ಹಿಡಿದು ನಿಲ್ಲುತ್ತದೆ. ಹಿಂದಿನ ರಾತ್ರಿಯೇ ನೀರು ನಿಲ್ಲಿಸಿ, ಮಣ್ಣು ಉಬ್ಬಿದ ನಂತರ ಅಳೆಯಬೇಕು. ವಿಜ್ಞಾನ ಶಿಕ್ಷಕರು ಶಾಲೆಯ ಆವರಣದಲ್ಲೇ ಇದನ್ನು ಮಕ್ಕಳಿಂದ ಮಾಡಿಸಬಹುದು; ಬೇಕಾದದ್ದು ಸನಿಕೆ, ಅಳತೆಪಟ್ಟಿ, ಗಡಿಯಾರ.

ಹಾಯಿದೋಣಿಯ ಪುಟ್ಟ ಶೌಚಾಲಯವನ್ನು ಹೋಲಿಸಿ ನೋಡಿ. ಕೈಪಂಪಿನಿಂದ ಸಮುದ್ರದ ನೀರೆಳೆದು ತೊಳೆಯುವ ಸಾಧನ ಅದು. ಹೊರಗೆ ಹೋದ ನೀರು ಹಿಂದಕ್ಕೆ ಬರುತ್ತಿದ್ದರೆ ರಬ್ಬರ್ ಕವಾಟ ಸವೆದಿದೆ, ಪಂಪು ಬಿಗಿಯಾದರೆ ಕೊಳವೆಯಲ್ಲಿ ಸುಣ್ಣ ಕಟ್ಟಿದೆ ಎಂದು ಲಕ್ಷಣ, ಕಾರಣ, ಪರಿಹಾರಗಳ ಪಟ್ಟಿ ಅದರೊಡನೆ ಬರುತ್ತದೆ. ನಮ್ಮ ಮನೆಯ ಶೌಚಾಲಯಕ್ಕೆ ಅಂಥ ಹಾಳೆಯೇ ಇಲ್ಲ. ಹೀಗಾಗಿ ವಾಸನೆ ಬಂದರೆ ಗಾಳಿಕೊಳವೆ ನಿಲ್ಲಿಸುತ್ತಾರೆ, ಕಟ್ಟಿಕೊಂಡರೆ ಆ್ಯಸಿಡ್ ಸುರಿಯುತ್ತಾರೆ. ಈ ವಿನ್ಯಾಸಕ್ಕೆ ಗಾಳಿಕೊಳವೆ ಬೇಡ. ಅನಿಲವನ್ನು ಸುತ್ತಲ ಮಣ್ಣೇ ಹೀರುತ್ತದೆ. ಕೋಣೆಯೊಳಗೆ ವಾಸನೆ ತಡೆಯುವುದು ಬೇಸಿನ್ ಕೆಳಗಿನ ಬಾಗುಕೊಳವೆಯಲ್ಲಿ ನಿಲ್ಲುವ ಕೇವಲ 20 ಮಿಲಿಮೀಟರ್ ನೀರು. ಅದು ಸೋರಿದೆಯೇ, ಒಣಗಿದೆಯೇ ಎಂದು ಮೊದಲು ನೋಡಬೇಕು. ಆ್ಯಸಿಡ್ ಅಂತೂ ಗುಂಡಿಯಲ್ಲಿ ಕೆಲಸ ಮಾಡುವ ಜೀವಾಣುಗಳನ್ನೇ ಕೊಲ್ಲುತ್ತದೆ.

ನೀರು ಇಳಿಯದಿದ್ದರೆ ಕವಲು ತೊಟ್ಟಿಯ ಮುಚ್ಚಳ ತೆಗೆಯಿರಿ. ತೊಟ್ಟಿ ಖಾಲಿಯಿದ್ದರೆ ಅಡಚಣೆ ಬೇಸಿನ್ನಿಗೂ ತೊಟ್ಟಿಗೂ ನಡುವೆ ಇದೆ. ತೊಟ್ಟಿ ತುಂಬಿದ್ದರೆ ದೋಷ ಮುಂದಿನ ಕೊಳವೆಯಲ್ಲಿ ಅಥವಾ ಗುಂಡಿಯಲ್ಲಿ. ಹಾಗೆಯೇ ಎರಡು ಬಾಯಿಗಳಲ್ಲಿ ಒಂದು ಮುಚ್ಚಿದೆಯೇ ನೋಡಿ. ಎರಡೂ ತೆರೆದಿದ್ದರೆ ಎರಡು ಗುಂಡಿಗಳೂ ಒಟ್ಟಿಗೆ ತುಂಬುತ್ತವೆ. ಆಗ ಅವು ಎರಡಲ್ಲ, ಒಂದೇ.

ಈ ವ್ಯತ್ಯಾಸ ಸಣ್ಣದಲ್ಲ. ಮುಚ್ಚಿಟ್ಟ ಗುಂಡಿಯಲ್ಲಿ ಜಂತುಹುಳುವಿನ ಮೊಟ್ಟೆಗಳೂ ಸಾಯಲು ಒಂದೂವರೆಯಿಂದ ಎರಡು ವರ್ಷ ಬೇಕು. ಆ ಬಳಿಕ ಸಿಗುವುದು ಗೊಬ್ಬರ. ಅದಕ್ಕೂ ಮೊದಲು ತೆಗೆದರೆ ಅದು ಮಲವೇ. ಪೂರ್ತಿ ಕೊಳೆಯದ ಮಲವನ್ನು ಗುಂಡಿಯಿಂದ ಮನುಷ್ಯರ ಕೈಯಲ್ಲಿ ತೆಗೆಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಸಿ ಗುಂಡಿಗೆ ಇಳಿದವರಿಗೆ ಹೈಡ್ರೋಜನ್ ಸಲ್ಫೈಡ್ ಕಾದಿರುತ್ತದೆ. ಗಾಳಿಗಿಂತ ಭಾರವಾದ ಈ ಅನಿಲ ತಳದಲ್ಲಿ ನಿಲ್ಲುತ್ತದೆ, ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತೆಂದು ಇಳಿದವರು ಮೇಲೆ ಬಂದಿಲ್ಲ. ಇಂಗದ ಗುಂಡಿಗೆ ಜನರನ್ನು ಕರೆಸುವ ಮನೆಯವರು ಕೆಟ್ಟವರಿರಬೇಕೆಂದಿಲ್ಲ. ನಕ್ಷೆ ಅವರಿಗೆ ಬೇರೆ ದಾರಿ ತೋರಿಸಿಲ್ಲ.

ಹೊಳೆದಂಡೆಯ ಮಾತು ಬೇರೆಯೇ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರಿನಿಂದ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿತು. ಮುಳುಗಿದ ಗುಂಡಿಯಲ್ಲಿ ನೀರು ಹೊರಗಿನಿಂದ ಒಳಗೆ ಹರಿಯುತ್ತದೆ. ಅಂಥ ಕಡೆ ಗುಂಡಿಯ ಬಾಯನ್ನು ನೆಲಮಟ್ಟಕ್ಕಿಂತ ಮೇಲೆತ್ತಿ ಸುತ್ತ ಮಣ್ಣಿನ ದಿಬ್ಬ ಕಟ್ಟಬೇಕು, ನೆರೆ ಇಳಿದ ಮೇಲೆ ಹತ್ತಿರದ ಬಾವಿಗೆ ಕ್ಲೋರಿನ್ ಹಾಕಬೇಕು.

ನಕ್ಷೆಯನ್ನು ಮರುಮುದ್ರಿಸುವಾಗ ಹೆಚ್ಚೇನೂ ಬೇಡ. ಮಣ್ಣಿಗೊಂದು ಕಾಲಂ, ರೋಗಲಕ್ಷಣಗಳಿಗೆ ಅರ್ಧ ಪುಟ, ಮತ್ತು ಗುಂಡಿ ಬದಲಿಸಿದ ತಿಂಗಳು, ವರ್ಷವನ್ನು ಮುಚ್ಚಳದ ಕಲ್ಲಿನ ಮೇಲೆ ಕೊರೆಯಲು ಒಂದಿಷ್ಟು ಜಾಗ.